ತೊಳೆದ ಸೂಜಿ

"ಏನಂತೆ?" ಡಾಕ್ಟರಮ್ಮ ಎರಡನೇ ಸಲ ಕೇಳಿದರು.

ದುಭಾಷಿ ಸ್ಟೂಲಿನ ಮೇಲೆ ಸರಿದು ಕೂತ. ಎದುರಿಗೆ ಕೂತಿದ್ದವನು ಅವನದೇ ಓಣಿಯ ವೆಲ್ಡರ್, ಅವನದೇ ಮನೆಮಾತಿನವನು. ಕೆಲಸ ಹೋದ ಮೇಲೆ ನಶೆಯ ಸೂಜಿ ಹಿಡಿದವನು. ಊರಿನವರ ಬಾಯಲ್ಲಿ ಆ ಓಣಿಯವರೆಲ್ಲ 'ಅವರು'. ನಾಲ್ಕಕ್ಷರ ಕಲಿತು ತಾನು ಆ 'ಅವರು' ಎಂಬುದರಿಂದ ಹೊರಬಿದ್ದೆನೆಂದು ದುಭಾಷಿ ತಿಳಿದಿದ್ದ. ಹೊರಬಿದ್ದು ಬಂದದ್ದು ಈ ಸ್ಟೂಲಿಗೆ, ಎರಡು ಕುರ್ಚಿಗಳ ನಡುವೆ.

ವೆಲ್ಡರಿಗೆ ಎಚ್‌ಐವಿ ಇದೆ ಎಂಬ ಸುದ್ದಿಯನ್ನು ಈಗತಾನೆ ಮನೆಮಾತಿಗೆ ಇಳಿಸಿದ್ದ. ಇಂಥ ಸುದ್ದಿ ಇಳಿಸಿ ಇಳಿಸಿ ಸಾಕಾಗಿತ್ತು. ಈಚೆಗೆ ಸಾಕಾಯಿತು ಅನ್ನಿಸುವುದೂ ನಿಂತಿತ್ತು. ವೆಲ್ಡರ್ ಅತ್ತಿರಲಿಲ್ಲ, ರೇಗಿರಲಿಲ್ಲ. ಜೇಬಿನಿಂದ ಸವೆದ ಕರಪತ್ರವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದ್ದ.

"ಇದರಲ್ಲಿ ಬರೆದ ಹಾಗೇ ಮಾಡಿದ್ವಲ್ಲ ಅಣ್ಣಾ. ಒಂದು ದಿನ ತೊಳೀದೆ ಚುಚ್ಚಿಕೊಂಡಿಲ್ಲ. ನಾನು ತೊಳೆದೇ ಭಾವನಿಗೆ ಕೊಡೋದು, ಅವನು ತೊಳೆದೇ ನನಗೆ ಕೊಡೋದು."

ಕರಪತ್ರವನ್ನು ಮನೆಮಾತಿಗೆ ತಂದವನು ದುಭಾಷಿಯೇ, ಮೂರು ವರ್ಷದ ಹಿಂದೆ. 'ಶುದ್ಧವಾದ ಸೂಜಿಯನ್ನೇ ಬಳಸಿ' ಎಂದಿತ್ತು ಮೂಲದಲ್ಲಿ. ಅವರ ಮಾತಿನಲ್ಲಿ ಶುದ್ಧವಾದದ್ದಕ್ಕೂ ತೊಳೆದದ್ದಕ್ಕೂ ಇರುವುದು ಒಂದೇ ಪದ. ಅವನ ಅವ್ವ ದಿನಕ್ಕೆ ನೂರು ಸಲ ಆಡುತ್ತಿದ್ದ ಪದ: ಪಾತ್ರೆಗೆ, ಬಟ್ಟೆಗೆ, ಅವನ ಮುಸುಡಿಗೆ. ಹೊಸದು, ಯಾರೂ ಮುಟ್ಟದ್ದು ಎಂದು ಬಿಡಿಸಿ ಬರೆಯಬಹುದಿತ್ತು. ಒಂದರಲ್ಲಿ ಮುಗಿಯುವುದಕ್ಕೆ ಮೂರು ಪದ ಯಾಕೆ ಎಂದುಕೊಂಡಿದ್ದ. ಅಚ್ಚುಕಟ್ಟಾದ ಅನುವಾದವೆಂದು ಹೊಗಳಿಸಿಕೊಂಡೂ ಇದ್ದ.

ತಪ್ಪು ತನ್ನ ಅನುವಾದದ್ದೆಂದು ಹೇಳಿಬಿಟ್ಟರೆ ಇವತ್ತೇ ಕರಪತ್ರಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಓಣಿಯಲ್ಲಿ ತೊಳೆದು ತೊಳೆದು ಹಂಚಿಕೊಳ್ಳುತ್ತಿರುವವರಲ್ಲಿ ಕೆಲವರಾದರೂ ಉಳಿದಾರು. ಆದರೆ ಈ ಸ್ಟೂಲು ಹೋಗುತ್ತದೆ. ಓಣಿಗೆ ಮತ್ತೆ ಕಾಲಿಡುವ ಹಾಗೂ ಇರುವುದಿಲ್ಲ.

"ಸರಿಯಾಗಿ ಓದೋಕೆ ಬರಲ್ವಂತೆ," ಎಂದ ದುಭಾಷಿ.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು, ಇವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದರು. ಆ 'ಇವರಿಗೆ' ಎಂಬುದರಲ್ಲಿ ತಾನೂ ಸೇರಿದ್ದೇನೋ ಇಲ್ಲವೋ ದುಭಾಷಿಗೆ ತಿಳಿಯಲಿಲ್ಲ. ಮಾತ್ರೆ ಬರೆದರು, ಭಾವನನ್ನೂ ಹೆಂಡತಿಯನ್ನೂ ನಾಳೆಯೇ ಕರೆತರಬೇಕೆಂದರು. ಆಮೇಲೆ ಕಟ್ಟಿನಿಂದ ಹೊಸ ಕರಪತ್ರವೊಂದನ್ನು ಎಳೆದು ದುಭಾಷಿಯ ಕೈಗಿಟ್ಟರು.

"ನೀವೇ ಓದಿ ಹೇಳಿಬಿಡಿ."

ಓದಿದ. ಆ ಪದ ಬಂದಾಗ ದನಿ ಕೊಂಚ ತಗ್ಗಿತು, ಅಷ್ಟೇ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅದೂ ಬಹಳ ಹೊತ್ತು ನಿಲ್ಲಲಿಲ್ಲ. ವೆಲ್ಡರ್ ತಲೆಯಾಡಿಸುತ್ತ ಕೊನೆಯವರೆಗೂ ಕೇಳಿದ.

"ಇನ್ನೂ ಚೆನ್ನಾಗಿ ತೊಳೀಬೇಕಿತ್ತು, ಅಲ್ವಾ ಅಣ್ಣಾ?"

ದುಭಾಷಿ ಕೆಮ್ಮಿದ. ಅದನ್ನು ಕಂಡು ವೆಲ್ಡರ್ ಎದ್ದ. ಮೂಲೆಯ ನಲ್ಲಿಯಲ್ಲಿ ತಾನೊಂದು ಲೋಟ ನೀರು ಕುಡಿದು, ಲೋಟವನ್ನು ಒಳಗೂ ಹೊರಗೂ ಬೆರಳಾಡಿಸಿ ತೊಳೆದ. ಮತ್ತೊಮ್ಮೆ ತೊಳೆದ. ತುಂಬಿಸಿ ತಂದು ಎರಡೂ ಕೈಯಲ್ಲಿ ನೀಡಿದ.

ಲೋಟದಿಂದ ಏನೂ ಅಂಟುವುದಿಲ್ಲ ಎಂದು ದಿನಕ್ಕೆ ಹತ್ತು ಮಂದಿಗೆ ಹೇಳುತ್ತಿದ್ದವನು ದುಭಾಷಿಯೇ. ಲೋಟ ತೆಗೆದುಕೊಂಡ. ತುಟಿಯವರೆಗೆ ತಂದ. ತುಟಿ ತೆರೆಯಲಿಲ್ಲ.

"ಕುಡೀರಿ ಅಣ್ಣಾ," ಎಂದ ವೆಲ್ಡರ್. "ತೊಳೆದಿದ್ದೀನಿ."

"ಏನಂತೆ?" ಎಂದರು ಡಾಕ್ಟರಮ್ಮ.