ಇನ್ನೆರಡು ಅಂಕಿ

ಬೆಂಚು ಉಸಿರೆಳೆಯುತ್ತಿದೆ, ಎಳೆಯುತ್ತಲೇ ಇದೆ, ಬಿಡುವುದಿಲ್ಲ, ಗಾಳಿ ಅಳೆಯುವ ಯಂತ್ರ ಅಷ್ಟೇ, ಇಂಜಿನ್ ಹೆಡ್ಡಿನ ಬಾಯಿಂದ ಹೀರುವುದೊಂದೇ ಅದಕ್ಕೆ ಗೊತ್ತು, ಆದರೂ ಹದಿನೆಂಟು ವರ್ಷದಿಂದ ಅದು ಉಸಿರು ಬಿಡಲೆಂದು ಕಾಯುತ್ತೇನೆ, ನನ್ನದನ್ನೂ ಹಿಡಿದುಕೊಂಡು — ಗಾಳಿ ಹೋಗುವ ದಾರಿಗೆ ದಾರದ ತುಂಡು ಹಿಡಿದರೆ ನೆಟ್ಟಗೆ ಒಳಗೆ ನುಗ್ಗುತ್ತದೆ, ನಡುಗುವುದಿಲ್ಲ, ಒಳಗೆ ಯಾರೋ ತುದಿ ಹಿಡಿದು ಎಳೆದ ಹಾಗೆ. ನೂರ ನಲವತ್ತೆರಡು. ಬೆಳಿಗ್ಗೆ ನೂರ ನಲವತ್ತಿತ್ತು, ಅಂಕಿ ಏರಿದಷ್ಟೂ ಗಾಳಿ, ಗಾಳಿ ಇದ್ದಷ್ಟೂ ವೇಗ, ಆಗಲೇ ಮಗಿಳನ್ ನನ್ನ ಹೆಗಲಿಗೆ ಗದ್ದ ಊರಿ ನೋಡಿದ, ನಾಚಿಮುತ್ತಣ್ಣಾ, ಇನ್ನೆರಡು ಕೊಡಿ, ನಾಳೆ ಚೆಟ್ಟಿಪಾಳ್ಯದ ರೇಸಲ್ಲಿ ಒಬ್ಬನೂ ನನ್ನ ಮುಂದಿರಲ್ಲ, ಏನು, ಕೈಗೆ ವಯಸ್ಸಾಯ್ತಾ — ನಕ್ಕು ಸುಮ್ಮನಾಗಬೇಕಿತ್ತು, ಗ್ರೈಂಡರ್ ಹಿಡಿದೆ, ಗಾಳಿದಾರಿಯ ಗೋಡೆ ಸವೆಸಿ ಅಗಲ ಮಾಡಲು.

ನನಗೆ ಕೆಲಸ ಕಲಿಸಿದ ಕಾಳಿಯಣ್ಣನ್ ಮೇಸ್ತ್ರಿ ಇದ್ದಿದ್ದರೆ ಕೈಗೆ ಹೊಡೆಯುತ್ತಿದ್ದರು, ಆ ಗೋಡೆಯಾಚೆ ಇಂಜಿನ್ ತಣಿಸುವ ನೀರು ಹರಿಯುತ್ತೆ ಕಣೋ, ತಟ್ಟಿ ಕೇಳು, ದಪ್ಪಗಿದ್ದರೆ ಸುಮ್ಮನಿರುತ್ತೆ, ತೆಳ್ಳಗಾದರೆ ಮಾತಾಡುತ್ತೆ, ಮಾತಾಡಿದ ಮೇಲೆ ಮುಟ್ಟಬೇಡ, ಸಾಯುವ ವಾರ ಆಸ್ಪತ್ರೆಯ ಮಂಚದ ಕಂಬಿಯನ್ನೂ ಉಗುರಿಂದ ತಟ್ಟುತ್ತಿದ್ದರು, ನಾನೂ ಇವತ್ತು ತಟ್ಟಿದೆ, ಮಾತಾಡಿತು, ಸಣ್ಣಗೆ, ಮೇಸ್ತ್ರಿಯದೇ ದನಿಯಲ್ಲಿ ಅಂದರೆ ಯಾರು ನಂಬುತ್ತಾರೆ, ಕೇಳದವನ ಹಾಗೆ ಉಜ್ಜಿದೆ, ಅಂಕಿ ಏರಿತು, ಮಗಿಳನ್‌ಗೆ ಫೋನಿನಲ್ಲಿ ಆಯ್ತು ಬಾ ಅಂದುಬಿಟ್ಟಿದ್ದೇನೆ, ಈಗ ಬೆಂಚು ಆರಿಸಿ ನೀರಿನ ಪರೀಕ್ಷೆಗೆ ಕೂರುತ್ತೇನೆ, ಮಾತು ಕೊಡುವ ಮುಂಚೆ ಮಾಡಬೇಕಾದ್ದು. ಪೈಪು ಸಿಕ್ಕಿಸಿ, ಬಿಸಿನೀರು, ಒತ್ತಡ, ಗಾಳಿದಾರಿ ಬಾಗುವಲ್ಲಿ ಒಳಗೆ ಟಾರ್ಚು, ಏನಿಲ್ಲ, ಏನಿಲ್ಲ, ಒಂದು ಹನಿ. ಒರೆಸಿದೆ. ಓಡುವಾಗ ಆ ಗೋಡೆ ಬಿರಿದರೆ ನೀರು ಸಿಲಿಂಡರಿಗೆ ನುಗ್ಗುತ್ತದೆ, ಇಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ, ಚಕ್ರಗಳೂ, ನೂರೆಂಬತ್ತರ ವೇಗದಲ್ಲಿ ತಿರುವಿನ ಮೇಲೆ ಮಗಿಳನ್ — ಹನಿ. ಒರೆಸಿದೆ. ಬಾಗಿಲಲ್ಲಿ ಅವನೇ, ಏನಣ್ಣಾ, ಮುಖ ಹೀಗೆ, ಊಟ ಮಾಡಿಲ್ವಾ, ಎಷ್ಟು ಬಂತು, ನಲವತ್ತೆರಡಾ, ಅಯ್ಯೋ ಅಣ್ಣಾ, ಈ ಕೈಗೆ ಚಿನ್ನದ ಕಡಗ ಹಾಕಿಸ್ತೀನಿ, ಬಗ್ಗಿ ನೋಡುತ್ತಾನೆ, ಇದೇನು, ನಿಮ್ಮ ಬೆವರಾ, ಇಷ್ಟು ದುಡಿದಿದ್ದೀರಾ ನನಗೆ, ಕಿರುಬೆರಳಿಂದ ಒರೆಸಿ ಪ್ಯಾಂಟಿಗೆ ಹಚ್ಚಿಕೊಂಡು ನಗುತ್ತಾನೆ, ಬೆವರಲ್ಲ ಮಗಿಳಾ, ಎರಡೇ ಮಾತು, ನಾಲಿಗೆ ಮೇಲೆತ್ತಿದರೆ ಸಾಕು, ಹೇಳಿ ಅಣ್ಣಾ, ಪೈಪು ಬಿಚ್ಚಲಾ, ಅವನು ಒರೆಸಿದಲ್ಲೇ ಹನಿ, ಸಾಸಿವೆಯಷ್ಟು, ಬಿಚ್ಚಲಾ, ಮೆಣಸಿನಷ್ಟು, ಬೀಳದೆ ತುಂಬಿ ನಿಂತಿದೆ, ಅದರೊಳಗೆ ಟಾರ್ಚಿನ ಬೆಳಕು, ಬೆಳಕಿನೊಳಗೆ, ತಲೆಕೆಳಗಾಗಿ, ಅವನ ಮುಖ