ನಾಲ್ಕರಲ್ಲಿ ಒಂದು ಸುಳ್ಳು

ಗುರುಗಳು ನಿವೃತ್ತರಾದ ವಾರ ಪ್ರಯೋಗಾಲಯದ ಕಬ್ಬಿಣದ ಬೀರುವಿನ ಕೀಲಿಕೈ ಅವಳ ಕೈಗೆ ಬಂತು. ನೆನಪಿನ ಮನೋವಿಜ್ಞಾನದಲ್ಲಿ ಇಪ್ಪತ್ತಾರು ವರ್ಷ ಅವರ ಕೈಕೆಳಗೆ ದುಡಿದವಳು. ಈಗ ವಿಭಾಗದ ಮುಖ್ಯಸ್ಥೆ. ಕೆಳಗಿನ ಖಾನೆಯಲ್ಲಿ ಒಂದು ಕಡತವಿತ್ತು. ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಒಳಗಿನ ಮೊದಲ ಹಾಳೆಯಲ್ಲಿದ್ದುದು ಅವಳ ಅಕ್ಕನ ಕೈಬರಹ.

ಅಲ್ಲಿ ಕೆಲಸಕ್ಕೆ ಸೇರುವವರೆಲ್ಲ ಮೊದಲು ತಾವೇ ಪ್ರಯೋಗಕ್ಕೆ ಕೂರಬೇಕೆಂಬುದು ಗುರುಗಳ ಕಟ್ಟಳೆ. ಮನೆಯವರೊಬ್ಬರು ಬಾಲ್ಯದ ಮೂರು ನಿಜ ಘಟನೆಗಳನ್ನು ಬರೆದು, ಜೊತೆಗೊಂದು ಕಟ್ಟುಕತೆ ಸೇರಿಸಿ, ಅದರ ಕೆಳಗೆ ಕೆಂಪು ಗೆರೆ ಎಳೆದು ಗುರುಗಳಿಗೆ ಕೊಡಬೇಕು. ಕೂತವರು ನಾಲ್ಕನ್ನೂ ನೆನಪಿಸಿಕೊಂಡು, ಕೊನೆಗೆ ಸುಳ್ಳು ಯಾವುದೆಂದು ಹೇಳಬೇಕು. ನೀರಿನ ತೊಟ್ಟಿಗೆ ಬಿದ್ದದ್ದು ಸುಳ್ಳು ಎಂದಿದ್ದಳು ಅವಳು. ಗುರುಗಳು "ಭೇಷ್" ಎಂದಿದ್ದರು. ಆ ಉಬ್ಬಿನಲ್ಲಿ ಹಾಳೆ ತೋರಿಸಿ ಎಂದು ಕೇಳಲಿಲ್ಲ. ದಾಖಲೆ ನೋಡದೆ ಯಾರನ್ನೂ ನಂಬಬೇಡಿ ಎಂದು ಆಮೇಲೆ ಎಷ್ಟು ತಂಡಗಳಿಗೆ ಪಾಠ ಹೇಳಿದ್ದಳೋ.

ಅಕ್ಕ ಕೆಂಪು ಗೆರೆ ಎಳೆದದ್ದು ತೊಟ್ಟಿಯ ಕೆಳಗಲ್ಲ, ನಾಲ್ಕನೆಯದರ ಕೆಳಗೆ. ಶಾಲೆಯ ನಾಟಕ ನೋಡಲು ಅಪ್ಪ ಬಂದದ್ದು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಕ್ಕಳ ಶಾಲೆ ಯಾವ ಬೀದಿಯಲ್ಲಿದೆ ಎಂದೂ ವಿಚಾರಿಸಿದವರಲ್ಲ. ಆದರೂ ಒಂದು ಸಲ, ಅವಳು ಮರದ ಪಾತ್ರ ಹಾಕಿ ಅಲುಗಾಡದೆ ನಿಂತಿದ್ದ ದಿನ, ಬಂದಿದ್ದರು. ಅಪ್ಪನದೆಂದು ಅವಳ ಪಾಲಿಗೆ ಉಳಿದದ್ದು ಅದೊಂದೇ.

ಮಿಕ್ಕ ಹಾಳೆಗಳು ಗುರುಗಳವು, ವರ್ಷಕ್ಕೊಂದು. ಚಹಾ ಕುಡಿಯುವಾಗ "ನಿಮ್ಮಪ್ಪ ನಾಟಕಕ್ಕೆ ಬಂದಿದ್ರಲ್ಲಮ್ಮಾ, ಅದನ್ನ ಹೇಳು" ಎನ್ನುತ್ತಿದ್ದರು. ಅಕ್ಕರೆ ಎಂದುಕೊಂಡಿದ್ದಳು. ಮೂರನೇ ವರ್ಷ: ಉಗುರಲ್ಲಿ ಗ್ರೀಸು. ಒಂಬತ್ತನೇ ವರ್ಷ: ಕಿಟಕಿಯ ಪಕ್ಕ ನಿಂತಿದ್ದರು. ಹದಿನೇಳನೇ ವರ್ಷ: ಎಲ್ಲರಿಗಿಂತ ಮೊದಲು ಚಪ್ಪಾಳೆ, ಹೇಳುವಾಗ ಕಣ್ಣೀರು, ಎರಡು ನಿಮಿಷ.

ಅಕ್ಕನಿಗೆ ಫೋನ್ ಮಾಡಿದಳು.

"ನೀನು ಗೆರೆ ಎಳೆದದ್ದು ಅಪ್ಪನ ಕೆಳಗಾ?"

"ಅದನ್ನಿನ್ನೂ ಇಟ್ಕೊಂಡಿದಾರಾ ಆ ಮನುಷ್ಯ? ಹೇಳಿದ್ರೆ ಸಂಶೋಧನೆ ಕೆಡುತ್ತೆ ಅಂದ್ರು ಕಣೇ."

"ಇಪ್ಪತ್ತಾರು ವರ್ಷನಾ?"

"ಮೊದಲನೇ ವರ್ಷವೇ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅಪ್ಪ ಹೋದ್ರು. ನೀನು ಅವರ ತಲೆ ಹತ್ರ ಕೂತು ಅದನ್ನೇ ಹೇಳ್ಕೊಂಡು ಅತ್ತೆ. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?"

"ನಿಜವಾಗ್ಲೂ ಬರಲೇ ಇಲ್ವಾ?"

"ಕಟ್ಟಿದವಳು ನಾನೇ. ಆದ್ರೆ ನಿನ್ನ ಬಾಯಲ್ಲಿ ಕೇಳಿ ಕೇಳಿ, ಈಗ ನಂಗೂ ಅವರು ಕಿಟಕಿ ಹತ್ರ ನಿಂತ ಹಾಗೇ ಕಾಣುತ್ತೆ. ನನ್ನ ಮಾತು ನಂಬಬೇಡ."

"ಅದನ್ನ ಇವತ್ತು ಹೇಳ್ತಿದೀಯ" ಎಂದು ಅವಳು ಫೋನ್ ಇಟ್ಟಳು.

ಸಂಜೆ ಗುರುಗಳೇ ಕರೆ ಮಾಡಿದರು. "ಕಡತ ಸಿಕ್ತೇನಮ್ಮಾ? ನಿನಗೆ ಸಿಗಲಿ ಅಂತಲೇ ಬಿಟ್ಟು ಬಂದೆ. ಇಷ್ಟು ಉದ್ದದ ದಾಖಲೆ ಇನ್ಯಾರ ಹತ್ರಾನೂ ಇಲ್ಲ. ಇಬ್ಬರ ಹೆಸರಲ್ಲೂ ಪ್ರಕಟಿಸೋಣ. ಒಂದೇ ಪ್ರಶ್ನೆ ಬಾಕಿ. ಸುಳ್ಳು ಅಂತ ಗೊತ್ತಾದ ಮೇಲೂ ಆ ಚಿತ್ರ ಕಾಣುತ್ತಾ?"

ಅತ್ತ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು.

ಅವಳು ಕಣ್ಣು ಮುಚ್ಚಿದಳು. ಅಪ್ಪ ಕಿಟಕಿಯ ಪಕ್ಕದಲ್ಲೇ ಇದ್ದರು, ಕಪ್ಪು ಉಗುರುಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ. ಇಡೀ ವೃತ್ತಿಯಲ್ಲಿ ಒಂದು ಅಂಕಿಯನ್ನೂ ತಿದ್ದಿದವಳಲ್ಲ ಅವಳು.

"ಇಲ್ಲ ಸರ್. ಏನೂ ಕಾಣಲ್ಲ."

"ಪೂರ್ತಿ ಅಳಿಸಿಹೋಯ್ತಾ?"

"ಪೂರ್ತಿ. ಬರ್ಕೊಳ್ಳಿ."