ನಗುವಿಗೆ ಬಿಟ್ಟ ಜಾಗ

ಕ್ಯಾಮೆರಾದ ಪಕ್ಕದಲ್ಲಿ ಧ್ವನಿ ವಿಭಾಗದ ದಸ್ತಗೀರನ ಅಂಗೈ ಮೇಲೆದ್ದಿತೆಂದರೆ ಸೆಟ್ಟಿನಲ್ಲಿ ಯಾರೂ ಪಿಟಕ್ಕೆನ್ನುವಂತಿರಲಿಲ್ಲ. ಆ ಅಗಲವಾದ ಅಂಗೈ ಕೆಳಗಿಳಿಯುವವರೆಗೆ ನಿಂತವರು ನಿಂತಲ್ಲೇ, ಕೂತವರು ಕೂತಲ್ಲೇ ಇರಬೇಕು. ನಗು ಆಮೇಲೆ ಬರುತ್ತಿತ್ತು. ಯಾವ ಕಾಲದಲ್ಲೋ ಯಾವ ಸಭಾಂಗಣದಲ್ಲೋ ಯಾರೋ ನಕ್ಕಿದ್ದು ದಸ್ತಗೀರನ ಟೇಪಿನಲ್ಲಿ ಭದ್ರವಾಗಿತ್ತು. ಶೂಟಿಂಗ್ ಮುಗಿದ ಮೇಲೆ ಅವನು ತನ್ನ ಕೋಣೆಯಲ್ಲಿ ಕೂತು ಅದನ್ನು ನಮ್ಮ ಮಾತುಗಳ ನಡುವೆ ಸೇರಿಸುತ್ತಿದ್ದ. ಯಾವ ಮಾತಿಗೆ ಎಷ್ಟು ನಗು ಬೇಕೆಂಬುದು ಅವನ ತೀರ್ಮಾನ. ಅಷ್ಟು ಜಾಗ ಬಿಟ್ಟುಕೊಡುವುದು ನಮ್ಮ ಕೆಲಸ.

ಆ ಹಾಸ್ಯ ಧಾರಾವಾಹಿಯಲ್ಲಿ ನಾನು ನಾಗರತ್ನ. ಅವಳ ಗಂಡ ಶಾಮಣ್ಣನ ಪಾತ್ರ ನರಹರಿರಾಯರದು. ಸಂಚಿಕೆ ಸಂಚಿಕೆಗೂ ಶಾಮಣ್ಣ ಹೆಂಡತಿಯ ಅಡುಗೆಯನ್ನೋ ಮೈಯನ್ನೋ ತವರನ್ನೋ ಆಡಿಕೊಳ್ಳುತ್ತಿದ್ದ, ದಸ್ತಗೀರನ ಕೈ ಮೇಲೇಳುತ್ತಿತ್ತು, ಆಗ ತೆರೆಯ ತುಂಬ ನನ್ನ ಮುಖ. ನನ್ನದು ಮಾತು ಕಡಿಮೆ, ಮುಖ ಜಾಸ್ತಿ ಇದ್ದ ಪಾತ್ರ. ಪೆಚ್ಚು ಮುಖ, ಸಿಡುಕು ಮುಖ, ಕಣ್ಣು ಮೇಲೆ ಮಾಡಿ ದೇವರಿಗೆ ದೂರು ಕೊಡುವ ಮುಖ, ಇವನ್ನೇ ಹಿಂದುಮುಂದು ಮಾಡಿ ವರ್ಷಗಟ್ಟಲೆ ನಿಭಾಯಿಸಿದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು. ಬಾಯಿ ತೆರೆಯದೆ ಊರನ್ನೆಲ್ಲ ನಗಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಸೆಟ್ಟಿನಲ್ಲಿ ನನ್ನ ಸ್ವಂತ ಹೆಸರು ಯಾರಿಗೂ ಬೇಕಿರಲಿಲ್ಲ, ಕಾಫಿ ತರುವವನಿಗೂ ನಾನು ನಾಗರತ್ನಮ್ಮನೇ.

ನಾನು ನಾಟಕ ಕಂಪನಿಯಿಂದ ಬಂದವಳು. ಅಲ್ಲಿ ಜನರ ನಗು ಎದುರಿನಿಂದ ಬಂದು ಮೈಗೆ ತಾಗುತ್ತಿತ್ತು. ಬರದಿದ್ದರೆ ಅದೂ ತಾಗುತ್ತಿತ್ತು. ಇಲ್ಲಿ ಶಾಮಣ್ಣ ಬೈದ ಮೇಲೆ ಏನೂ ಇಲ್ಲ. ಸದ್ದಾಗಬಾರದೆಂದು ಫ್ಯಾನು ನಿಲ್ಲಿಸಿರುತ್ತಿದ್ದರು. ಯಾರದೋ ಹೊಟ್ಟೆ ಗುರ್‍ರೆಂದರೆ ಅದೊಂದು ಕೇಳಿಸುತ್ತಿತ್ತು. ಸಂಜೆ ಮನೆಯಲ್ಲಿ ಟೀವಿ ಹಾಕಿದರೆ, ಹಗಲು ಕೇಳದಿದ್ದ ನಗುವೆಲ್ಲ ಬಂದು ನನ್ನ ಮುಖದ ಮೇಲೆ ಬೀಳುತ್ತಿತ್ತು. ಅದರಲ್ಲಿ ಒಬ್ಬ ಹೆಂಗಸು, ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾನೊಬ್ಬಳೇ ತಡವಾಗಿ ಕಿಸಕ್ಕೆನ್ನುತ್ತಿದ್ದಳು. ಅವಳು ಎಲ್ಲಿದ್ದಾಳೋ, ಯಾತಕ್ಕೆ ನಕ್ಕಳೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಮಾರ್ಕೆಟ್ಟಿಗೆ ಹೋದರೆ ತರಕಾರಿಯವರು ಶಾಮಣ್ಣನ ಮಾತನ್ನೇ ನನಗೆ ಒಪ್ಪಿಸುತ್ತಿದ್ದರು. ಬದನೆಕಾಯಿ ಇವತ್ತಾದರೂ ಬೇಯುತ್ತದೆಯೇ ಎಂದು ಕೇಳಿ, ಪಕ್ಕದ ಅಂಗಡಿಯವನ ಕಡೆ ತಿರುಗಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸುಳ್ಳೇಕೆ ಹೇಳಲಿ, ನನಗದು ಇಷ್ಟವೇ ಆಗಿತ್ತು.

ನರಹರಿರಾಯರು ನಿಜಜೀವನದಲ್ಲಿ ಇರುವೆಗೂ ದಾರಿ ಬಿಡುವ ಮನುಷ್ಯ. ಕ್ಯಾಮೆರಾ ಮುಂದೆ ನನ್ನನ್ನು ಹೀನಾಮಾನ ಆಡಿಕೊಂಡು, ಅದು ಮುಗಿದ ಕೂಡಲೇ ನನಗೆ ಕುರ್ಚಿ ಎಳೆದು ಹಾಕುವವರು. ನನ್ನ ಹಾಗೆಯೇ ಅವರೂ ರಂಗಭೂಮಿಯಿಂದ ಬಂದವರು. ಚುಚ್ಚುಮಾತು ಬಿಟ್ಟ ಮೇಲೆ ಎಡಹುಬ್ಬನ್ನು ಏರಿಸಿ ಜನರ ಕಡೆ ತಿರುಗಿ ಕಾಯುವುದು ಅವರ ಅಭ್ಯಾಸ. ಜನ ಇಲ್ಲದ ಕಡೆಯೂ ಆ ಹುಬ್ಬು ತಾನಾಗಿ ಏರುತ್ತಿತ್ತು.

ಹೀಗಿರುವಾಗ ಚಾನೆಲ್ಲಿಗೆ ಮೈತ್ರೇಯಿ ಎಂಬ ಹೊಸ ಮುಖ್ಯಸ್ಥೆ ಬಂದಳು. ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಚುರುಕು, ಆದರೆ ಕೆಟ್ಟವಳಲ್ಲ. ಬಂದವಳೇ ಟೇಪಿನ ನಗು ಇನ್ನು ಸಾಕು ಎಂದಳು. ಬೇರೆ ಚಾನೆಲ್ಲುಗಳು ಒಂದೊಂದಾಗಿ ಬಿಡುತ್ತಿವೆ, ಪಕ್ಕದಲ್ಲಿ ಕೂತು ನಗು ನಗು ಎಂದು ಯಾರೋ ತಿವಿದಂತಾಗುತ್ತದೆಂದು ನೋಡುವವರೇ ಹೇಳುತ್ತಿದ್ದಾರೆ ಎಂಬುದು ಅವಳ ವಾದ. ನಗು ತೆಗೆದರೆ ಜನರಿಗೆ ದಿಕ್ಕು ತಪ್ಪುತ್ತದೆಂದು ದಸ್ತಗೀರ್ ಮೆಲ್ಲಗೆ ಗೊಣಗಿದ. ಹಾಗಿದ್ದರೆ ನೋಡಿಯೇ ಬಿಡೋಣವೆಂದು ಅವಳು ನಮ್ಮನ್ನೆಲ್ಲ ಸಂಕಲನದ ಕೋಣೆಯಲ್ಲಿ ಕೂರಿಸಿ, ಹಳೆಯ ಸಂಚಿಕೆಯೊಂದನ್ನು ನಗುವಿಲ್ಲದೆ ಹಾಕಿಸಿದಳು.

ಅದು ಊರೆಲ್ಲ ಮೆಚ್ಚಿದ ಸಂಚಿಕೆ. ಮನೆಗೆ ನೆಂಟರು ಬಂದಿದ್ದಾರೆ. “ನನ್ನ ಹೆಂಡತಿ ಮನೆಯಲ್ಲಿರುವಾಗ ಬಾಗಿಲಿಗೆ ಬೇರೆ ಅಗುಳಿ ಬೇಡ, ಅವಳೇ ಅಡ್ಡ ನಿಂತರೆ ಸಾಕು,” ಎಂದ ಶಾಮಣ್ಣ. ನಾಗರತ್ನ ತಲೆ ತಗ್ಗಿಸಿದಳು. ಆಮೇಲೆ ಏನೂ ಇಲ್ಲ. ಅವನು ಹುಬ್ಬೇರಿಸಿಕೊಂಡು ಕೂತೇ ಇದ್ದಾನೆ, ಅವಳು ತಟ್ಟೆ ಹಿಡಿದುಕೊಂಡು ನಿಂತೇ ಇದ್ದಾಳೆ. ಎಷ್ಟು ಹೊತ್ತು ನಿಂತಿದ್ದಳು! ನಾನು ಅಷ್ಟು ಹೆಮ್ಮೆಪಟ್ಟ ಪೆಚ್ಚು ಮುಖ ಅದು. ನಗು ತೆಗೆದು ನೋಡಿದರೆ, ಹತ್ತು ಜನರ ಮುಂದೆ ಮಾನ ಹೋಗಿ ಎಲ್ಲಿ ನೋಡಬೇಕೆಂದು ತಿಳಿಯದ ಹೆಂಗಸಿನ ಮುಖವಾಗಿತ್ತು. ನನಗೆ ಅಳು ಬಂತು. ಅದು ನನ್ನದೇ ಮುಖವೆಂಬುದು ಮರೆತು, ಅವಳಿಗಾಗಿ ಅಳು ಬಂತು.

ಕೋಣೆಯಲ್ಲಿ ಯಾರೂ ನಗಲಿಲ್ಲ. ನರಹರಿರಾಯರು ನಡುವೆಯೇ ಎದ್ದು, ಎಲೆಅಡಿಕೆ ಹಾಕಿಕೊಂಡು ಬರುತ್ತೇನೆಂದು ಹೊರಗೆ ಹೋದರು. ಅವರ ಎಲೆಅಡಿಕೆ ಚೀಲ ಕುರ್ಚಿಯ ಮೇಲೆಯೇ ಇತ್ತು.

ಮೈತ್ರೇಯಿ ಪರದೆ ಆರಿಸಿದಳು. ನಗುವಿಗೆಂದು ಬಿಡುತ್ತಿದ್ದ ಜಾಗವನ್ನೆಲ್ಲ ಇನ್ನು ಮುಚ್ಚಬೇಕು ಎಂದಳು. ಆ ಜಾಗವನ್ನು ಮುಚ್ಚಿದರೆ ನಾಗರತ್ನಳಿಗೆ ಉಳಿಯುವುದೇನು? ಅವಳಿದ್ದದ್ದೇ ಅಲ್ಲಿ. ಹಾಗಾಗಿ ಅವಳನ್ನು ತವರಿಗೆ ಕಳಿಸಿ, ಪಟಪಟನೆ ಮಾತಾಡುವ ಮುದ್ದು ಸೊಸೆಯೊಬ್ಬಳನ್ನು ಮನೆಗೆ ತರುವುದೆಂದು ತೀರ್ಮಾನವಾಯಿತು. ಧಾರಾವಾಹಿಯಲ್ಲಿ ತವರಿಗೆ ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ನನ್ನ ವಯಸ್ಸಿಗೆ, ನನ್ನ ಮೈಗೆ ಇನ್ನೊಂದು ಪಾತ್ರ ಹುಡುಕಿಕೊಂಡು ಬರುವುದಿಲ್ಲವೆಂಬುದೂ ಗೊತ್ತಿತ್ತು. ಅಭಿನಯ ಬಿಟ್ಟರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದೇ ನನಗೆ ತಿಳಿಯದು. ಭಯವಾಯಿತು.

ನಾಚಿಕೆ ಬಿಟ್ಟು ಮೈತ್ರೇಯಿಯ ಕೋಣೆಗೆ ಹೋದೆ. ನಾಗರತ್ನಳಿಗೂ ಮಾತು ಕೊಡಿ ಎಂದು ಕೇಳಿದೆ. ಅವಳು ಕೈಲಿದ್ದ ಕೆಲಸ ಬಿಟ್ಟು ನನ್ನನ್ನು ಕೂರಿಸಿದಳು.

“ಏನು ಮಾತಾಡ್ತಾಳೆ ಅವಳು? ನೀವೇ ಒಂದು ಮಾತು ಹೇಳಿ ಮೇಡಂ, ಇವತ್ತೇ ಬರೆಸ್ತೀನಿ.”

ನನಗೆ ಹೊಳೆಯಲಿಲ್ಲ. ಅಷ್ಟು ವರ್ಷ ಅವಳ ಸೀರೆ ಉಟ್ಟು, ಅವಳ ಕುಂಕುಮ ಇಟ್ಟು ತಿರುಗಿದವಳಿಗೆ ಅವಳ ಬಾಯಿಂದ ಯಾವ ಮಾತು ಬರುತ್ತದೆಂದು ಗೊತ್ತಿರಲಿಲ್ಲ. ಮೈತ್ರೇಯಿ ಅವಸರ ಮಾಡದೆ ಕಾದಳು, ಅದಂತೂ ನನ್ನನ್ನು ಇನ್ನಷ್ಟು ಹಿಂಡಿತು. ಕೊನೆಗೆ ಎದ್ದು ಬಂದೆ.

ತವರಿಗೆ ಹೋಗುವ ದೃಶ್ಯದ ದಿನ ಬಂತು. ಕೈಗೆ ಒಂದು ಸೂಟ್‌ಕೇಸು ಕೊಟ್ಟರು. ಅದರೊಳಗೆ ಏನೂ ಇರಲಿಲ್ಲ. ನಾನು ಹೊಸ್ತಿಲ ಬಳಿ ನಿಲ್ಲುವುದು, ಶಾಮಣ್ಣ ಕೊನೆಯ ಚಟಾಕಿ ಹಾರಿಸುವುದು, ನಾನು ಹೊರಟುಬಿಡುವುದು, ಅಷ್ಟೇ ದೃಶ್ಯ. ನಡುವೆ ಜಾಗ ಬಿಡಕೂಡದು, ಮಾತು ಮುಗಿದ ತಕ್ಷಣ ನಡೆಯಬೇಕು ಎಂದು ನಿರ್ದೇಶಕರು ಎರಡೆರಡು ಸಲ ಎಚ್ಚರಿಸಿದರು. ಮೈತ್ರೇಯಿಯೂ ಅವರ ಪಕ್ಕದಲ್ಲಿ ಬಂದು ನಿಂತಿದ್ದಳು.

“ಹೋಗೋದು ಹೋಗ್ತೀಯ, ಆ ಸಾರಿನ ಪಾತ್ರೆನೂ ತಗೊಂಡೇ ಹೋಗು. ನಾನಾದ್ರೂ ನಾಲ್ಕು ದಿನ ಬದುಕ್ಕೋತೀನಿ,” ಎಂದರು ನರಹರಿರಾಯರು.

ನಾನು ಹೆಜ್ಜೆ ಎತ್ತಬೇಕಿತ್ತು. ಆದರೆ ಅವರ ಹುಬ್ಬು ಏರಿತು. ಮುಖ ತಿರುಗಿತು. ಕ್ಯಾಮೆರಾ ಪಕ್ಕದಲ್ಲಿ ದಸ್ತಗೀರನ ಅಂಗೈ ಅಭ್ಯಾಸಬಲದಿಂದ ಎದೆಯವರೆಗೆ ಬಂದು, ತನಗಿನ್ನು ಕೆಲಸವಿಲ್ಲವೆಂದು ನೆನಪಾದಂತೆ ಅಲ್ಲೇ ನಿಂತಿತು. ಮತ್ತೆ ಅದೇ ನಗುವಿನ ಜಾಗ. ನನ್ನ ಮುಖ ತಾನಾಗಿಯೇ ಪೆಚ್ಚಾಗಲು ಹೊರಟಿತ್ತು. ಇಷ್ಟು ಕಾಲ ಇಲ್ಲಿ ಬೇರೆಯವರ ನಗುವನ್ನು ತುಂಬಿಸುತ್ತಿದ್ದರು, ಇನ್ನು ಅದೂ ಬರುವುದಿಲ್ಲ, ಈ ಜಾಗ ಖಾಲಿಯೇ ಇದೆ ಎಂದು ಆಗ ಅನಿಸಿತು. ಮಾತು ಬಂದೇಬಿಟ್ಟಿತು. ಕೂಗಲಿಲ್ಲ, ಅಳಲಿಲ್ಲ. ಮನೆಯಲ್ಲಿ ಕೇಳುವ ಹಾಗೆ ಕೇಳಿದೆ.

“ನಾವಿಬ್ಬರೇ ಊಟಕ್ಕೆ ಕೂತಾಗ ಒಂದು ದಿನಾನೂ ಸಾರು ಚೆನ್ನಾಗಿಲ್ಲ ಅಂದಿಲ್ಲ ನೀವು. ಇನ್ನೊಂದು ಸೌಟು ಹಾಕು ಅಂತಲೇ ತಟ್ಟೆ ಮುಂದೆ ಮಾಡ್ತೀರಿ. ಜನ ಇದ್ದಾಗ ಮಾತ್ರ ಹೀಗಂತೀರಿ. ಯಾರಿಗೆ ಕೇಳಿಸಲಿ ಅಂತ ಅಂತೀರಿ?”

ನರಹರಿರಾಯರ ಹುಬ್ಬು ಇಳಿಯಿತು. ಅವರು ಕ್ಯಾಮೆರಾದತ್ತ ನೋಡಿದರು, ಅಲ್ಲಿಂದ ಅತ್ತ ಕತ್ತಲಲ್ಲಿದ್ದ ಜನರತ್ತ ನೋಡಿದರು, ಕಡೆಗೆ ನನ್ನತ್ತ ತಿರುಗಿದರು. ಅಷ್ಟು ವರ್ಷದಲ್ಲಿ ಶಾಮಣ್ಣ ನಾಗರತ್ನಳನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಇಲ್ಲಿಂದ ಮುಂದೆ ಯಾರೂ ಏನನ್ನೂ ಬರೆದಿರಲಿಲ್ಲ. ನಿರ್ದೇಶಕರು ಕಟ್ ಎನ್ನಲು ಬಾಯಿ ತೆರೆದರು. ಮೈತ್ರೇಯಿ ಅವರ ತೋಳು ಹಿಡಿದು ತಡೆದದ್ದು ನನಗೆ ಓರೆಗಣ್ಣಿನಲ್ಲಿ ಕಂಡಿತು.

ನರಹರಿರಾಯರು ಕುರ್ಚಿಯಿಂದ ಎದ್ದು ಹೊಸ್ತಿಲಿಗೆ ಬಂದು, ನನ್ನ ಕೈಯಿಂದ ಸೂಟ್‌ಕೇಸನ್ನು ತೆಗೆದುಕೊಂಡರು. ಖಾಲಿ ಪೆಟ್ಟಿಗೆ ಅದು. ಅವರು ಮಾತ್ರ ಬಹಳ ಭಾರವಿರುವಂತೆ, ಒಂದು ಭುಜ ಇಳಿಬಿಟ್ಟು, ನಿಧಾನವಾಗಿ ಒಳಮನೆಯ ಬಾಗಿಲತ್ತ ಹೊತ್ತು ನಡೆದರು. ನಾನೂ ಹಿಂದೆ ಹೋದೆ.

ಆ ಬಾಗಿಲಿನ ಹಿಂದೆ ಮನೆಯಿರಲಿಲ್ಲ. ಪ್ಲೈವುಡ್ಡಿಗೆ ಕೊಟ್ಟ ಆನಿಕೆಯ ಕಂಬಗಳು, ಸುರುಳಿ ಸುತ್ತಿ ಬಿಟ್ಟ ವೈರುಗಳು, ಮುರಿದ ಸ್ಟೂಲೊಂದು. ಇಬ್ಬರೂ ಅಲ್ಲಿ ನಿಂತೆವು. ಕ್ಯಾಮೆರಾಕ್ಕೆ ನಾವು ಕಾಣುತ್ತಿರಲಿಲ್ಲ. ಆದರೂ ಅವರು ಸೂಟ್‌ಕೇಸನ್ನು ಕೆಳಗಿಡದೆ ಹಿಡಿದೇ ಇದ್ದರು. ಹೊರಗೆ ಇನ್ನೂ ಯಾರೂ ಕಟ್ ಎಂದಿರಲಿಲ್ಲ.

“ಎಲ್ಲಿಡಲಿ?” ಎಂದು ಪಿಸುಗುಟ್ಟಿದರು.

ನಾನು ಗೋಡೆಯ ಬುಡ ತೋರಿಸಿದೆ. ಅವರು ಬಗ್ಗಿ, ವೈರುಗಳನ್ನು ಒಂದು ಕೈಯಲ್ಲಿ ಸರಿಸಿ ಜಾಗ ಮಾಡಿ, ಪೆಟ್ಟಿಗೆಯನ್ನು ಸದ್ದಾಗದಂತೆ ಅಲ್ಲಿಟ್ಟರು.